ಪೇಟೆ ಗಟಾರದ ಎಂಟು ಫರಸಿಕಲ್ಲು

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಸವಣೂರು, ಶಿಗ್ಗಾಂವಿ ಸುತ್ತಿನ ಒಂದು ಸಣ್ಣ ಪುರಸಭೆಯಲ್ಲಿ ನಾನು ಸ್ಯಾನಿಟರಿ ಇನ್ಸ್‌ಪೆಕ್ಟರ್. ಊರಿನ ಹೆಸರು ಬೇಡ. ತಪ್ಪು ಊರಿನದಲ್ಲ, ನನ್ನದು. ಬೀದಿ ಕಸ ಹೊಡೆಸುವುದು, ಗಟಾರ ತೆಗೆಸುವುದು, ಸಂತೆಯಲ್ಲಿ ಕೊಳೆತ ಹಣ್ಣು ಮಾರದಂತೆ ನೋಡುವುದು ನನ್ನ ಕೆಲಸ. ವಯಸ್ಸು ಚಿಕ್ಕದು, ಸಿಟ್ಟು ಮಾತ್ರ ದೊಡ್ಡದು. ಖಾಕಿ ಪ್ಯಾಂಟು ಹಾಕಿದವನು ಹೇಳಿದ್ದೇ ಕಾಯಿದೆ ಎಂದು ತಿಳಿದಿದ್ದೆ.

ಪೇಟೆ ಬೀದಿಯ ಒಂದು ಮಗ್ಗುಲಿಗೆ ಎದೆಮಟ್ಟ ಆಳದ ಗಟಾರ. ಅದರ ಮೇಲೆ ಉದ್ದಕ್ಕೂ ಫರಸಿಕಲ್ಲು ಹಾಸಿದ್ದರು. ಮಂದಿ ಓಡಾಡುವುದು, ಸಂತೆಯ ದಿನ ಕಾಯಿಪಲ್ಯೆಯವರು ಕೂಡುವುದು ಆ ಕಲ್ಲುಗಳ ಮೇಲೆಯೇ. ಮಳೆಗಾಲಕ್ಕೆ ಮುಂಚೆ ಅಲ್ಲಲ್ಲಿ ಕಲ್ಲು ಎತ್ತಿ, ಒಳಗಿನ ರಾಡಿ ತೆಗೆದು, ಬದಿಗೆ ಗುಡ್ಡೆ ಹಾಕುತ್ತಿದ್ದೆವು. ಹಸಿ ರಾಡಿಯನ್ನು ಕಸದ ಬಂಡಿಯವನು ಮುಟ್ಟುತ್ತಿರಲಿಲ್ಲ. ಹೀಗಾಗಿ ಅದು ಒಣಗಿ, ಬಂಡಿ ಹೊತ್ತೊಯ್ದ ಮೇಲೆಯೇ ಕಲ್ಲು ಮುಚ್ಚುವುದು ನಾನು ಹಾಕಿದ ಪದ್ಧತಿ. ಎರಡು ಸಲ ಯಾಕೆ ಕೆಲಸ ಎಂಬ ಜಾಣತನ, ಮತ್ತೇನಿಲ್ಲ.

ಆ ವರ್ಷ ಸಂತೆಯ ಹಿಂದಿನ ದಿನ ಎಂಟು ಕಲ್ಲು ಎತ್ತಿದ್ದೆವು. ಸಂಜೆ ದುರ್ಗವ್ವ ನನ್ನ ಮುಂದೆ ಬಂದು ನಿಂತಳು. ಕಸ ಗುಡಿಸುವ ಐದು ಜನರಲ್ಲಿ ಅವಳೇ ಹಿರಿಯಳು, ನನ್ನವ್ವನ ವಯಸ್ಸಿನವಳು.

"ಸಾಹೇಬ್ರ, ಕಲ್ಲು ಇವತ್ತ ಮುಚ್ಚೂಣ್ರಿ. ರಾಡಿ ಆಮ್ಯಾಲ ಒಯ್ದರ ನಡೀತೈತಿ. ನಾಳೆ ಸಂತಿ ಐತಿ, ಮಳಿ ಬಂತಂದ್ರ ಹೆಂಗ?"

"ಮಳಿ ಎಲ್ಲೈತಿ? ಬಿಸಲು ನೋಡು ಹೆಂಗ ಸುಡಾಕತ್ತೈತಿ! ನನಗ ಕೆಲಸ ಕಲಸಾಕ ಬರಬ್ಯಾಡ," ಅಂದೆ.

ಅವಳು ಪೊರಕೆ ಎತ್ತಿಕೊಂಡು ಹೋದಳು.

ಬೆಳಗಿನ ಜಾವಕ್ಕೆ ಗುಡುಗಿತು ನೋಡಿ! ಅಯ್ಯೋ ಶಿವನೇ, ಎಂಟು ಕಲ್ಲು! ಛತ್ರಿ ಸಹ ಹಿಡಿಯದೆ ಪೇಟೆಗೆ ಓಡಿದೆ. ಬೀದಿ ತುಂಬ ಮೊಣಕಾಲುಮಟ್ಟ ಕೆಂಪು ನೀರು. ಯಾವುದು ರಸ್ತೆ, ಯಾವುದು ಗಟಾರ, ಒಂದೂ ತಿಳಿಯದು. ಕಲ್ಲು ಎತ್ತಿದ ಎಂಟು ಬಾಯಿಗಳೂ ನೀರಿನಡಿ ತೆರೆದೇ ಇವೆ. ಒಳಗೆ ನೀರಿನ ಸೆಳೆತ ಎಷ್ಟೆಂದರೆ ಬಿದ್ದವರು ಕಲ್ಲಿನಡಿ ಹೋಗಿಬಿಡುತ್ತಾರೆ. ಇನ್ನು ಸ್ವಲ್ಪ ಹೊತ್ತಿಗೆ ಸುತ್ತಲ ಹಳ್ಳಿಗಳ ಮಂದಿ ಸಂತೆಗೆ ಇಳಿಯುತ್ತಾರೆ.

ದುರ್ಗವ್ವ ಆಗಲೇ ಉಳಿದ ನಾಲ್ವರನ್ನೂ ಕರೆದುಕೊಂಡು ಬಂದಿದ್ದಳು. ಠಾಣೆಯ ಹವಾಲ್ದಾರ ಇಮಾಮಸಾಬರನ್ನೂ ಎಬ್ಬಿಸಿ ತಂದಿದ್ದಳು. ಅವರು ನನ್ನನ್ನು ಬೈಯಲಿಲ್ಲ. "ಸಂತಿ ಬಂಡಿ ನಾ ಊರ ಅಗಸಿ ಬಾಗಲದಾಗ ನಿಂದರಸ್ತೇನಿ. ಆದರ ನಡಕೊಂಡು ಬರೋ ಮಂದಿ ನೂರು ಸಂದ್ಯಾಗ ಬರ್ತಾರ. ಅವರನ್ನ ನೀವು ನೋಡ್ಕೋರಿ," ಎಂದು ಒಬ್ಬ ಪೇದೆಯನ್ನೂ ತಮ್ಮ ಸರ್ಕಾರಿ ಸೈಕಲ್ಲನ್ನೂ ನಮಗೆ ಬಿಟ್ಟು ಓಡಿದರು.

ಕಲ್ಲು ಮುಚ್ಚೋಣವೆಂದರೆ ಒಂದೊಂದಕ್ಕೂ ನಾಲ್ಕು ಆಳು, ಹಾರೆ ಬೇಕು. ಆ ನೀರಿನಲ್ಲಿ ಅದು ಆಗದ ಮಾತು. ದುರ್ಗವ್ವ ಪೊರಕೆಯ ಕೋಲು ತಿರುವಿ ಹಿಡಿದು ನೀರಿಗಿಳಿದಳು. ಆ ಬೀದಿ ಗುಡಿಸಿ ಗುಡಿಸಿ ಅವಳ ಕಾಲಿಗೆ ಪ್ರತಿ ಕಲ್ಲೂ ಗೊತ್ತು. ದರ್ಜಿಯ ಕಟ್ಟೆಯಿಂದ ಮೂರು ಹೆಜ್ಜೆ, ಬೇವಿನ ಗಿಡದಿಂದ ಐದು ಹೆಜ್ಜೆ; ಕೋಲು ಚುಚ್ಚುವಳು, ಬಾಯಿ ಸಿಕ್ಕ ಕೂಡಲೇ ಒಬ್ಬರನ್ನು ಅದರ ಅಂಚಿಗೆ ನಿಲ್ಲಿಸುವಳು. ಒಂದೂ ತಪ್ಪಲಿಲ್ಲ! ನಾನು ಬಾಯಿ ತೆರೆದು ನೋಡುತ್ತಿದ್ದೆ. ಅವಳೂ ಸೇರಿ ಐದು ಮಂದಿ, ಪೇದೆ ಆರನೆಯವನು. ಏಳನೆಯ ಬಾಯಿಗೆ ಹವಾಲ್ದಾರರ ಸೈಕಲ್ಲನ್ನೇ ಅಡ್ಡ ಹಾಕಿದಳು. ಉಳಿದದ್ದು ಎಂಟನೆಯದು.

"ಸಾಹೇಬ್ರ, ನೀವು ಇಲ್ಲಿ ನಿಂದರ್ರಿ. ಏನ ಆದ್ರೂ ಅಲಗಾಡಬ್ಯಾಡ್ರಿ."

ನಿಂತೆ. ಮಂದಿ ಬಂದರು. ಅತ್ತ ಹೋಗಿರಿ, ಇತ್ತ ಬರ್ರಿ ಎಂದು ಕೂಗಿ ಗಂಟಲು ಹರಿಯಿತು. ಆಗ ತಲೆಯ ಮೇಲೆ ಬದನೆಕಾಯಿ ಬುಟ್ಟಿ, ಕಂಕುಳಲ್ಲಿ ಕೂಸು ಹೊತ್ತ ಹೆಣ್ಣುಮಗಳೊಬ್ಬಳು ಸಂದಿಯಿಂದ ನೆಟ್ಟಗೆ ನನ್ನ ಕಡೆಗೇ ಬಂದಳು. ಗದ್ದಲದಲ್ಲಿ ನನ್ನ ಕೂಗು ಕೇಳಲಿಲ್ಲ. ಎರಡೂ ಕೈ ಚಾಚಿ ಅಡ್ಡ ನಿಂತೆ. ಬುಟ್ಟಿ ವಾಲಿತು, ಬದನೆಕಾಯಿ ನೀರುಪಾಲಾದವು. ನನ್ನ ಹಿಂದೆ ಒಂದು ಗೇಣಿಗೆ ಗಟಾರದ ಬಾಯಿ.

"ನಿನ್ನ ಕಣ್ಣು ಹೋಗ್ಲಿ! ದಾರಿಗೆ ಅಡ್ಡ ನಿಂತು ಏನ್ ಕಾಯಾಕತ್ತೀಯೋ ಮಾರಾಯಾ?" ಎಂದು ಉಗಿದು, ಕೂಸನ್ನು ಸರಿಮಾಡಿಕೊಂಡು ಸುತ್ತಿ ಹೋದಳು. ನಾನು ಮತ್ತೆ ಕೈ ಚಾಚಿ ಅಲ್ಲೇ ನಿಂತೆ.

ನೀರು ಇಳಿಯುವ ಹೊತ್ತಿಗೆ ಮಧ್ಯಾಹ್ನ. ಒಬ್ಬರೂ ಬೀಳಲಿಲ್ಲ. ಎಂಟೂ ಕಲ್ಲು ಮುಚ್ಚಿದೆವು. ಹಾರೆ ನಾನೂ ಹಿಡಿದೆ. ಇಮಾಮಸಾಬರು ಎಲ್ಲರಿಗೂ ಚಹಾ ತರಿಸಿದರು, ಸೈಕಲ್ಲಿನ ಸೊಟ್ಟಗಾದ ಗಾಲಿ ನೋಡಿ ನಕ್ಕರು. ನಾನು ದುರ್ಗವ್ವನಿಗೆ ಎಲ್ಲರೆದುರೇ, "ತಪ್ಪು ನಂದು. ನಿನ್ನ ಮಾತು ಕೇಳಬೇಕಾಗಿತ್ತು," ಎಂದೆ. ಬುಟ್ಟಿಯವಳು ಉಗಿದದ್ದನ್ನೂ ಹೇಳಿದೆ.

ದುರ್ಗವ್ವ ಸೆರಗಿನಿಂದ ಮುಖ ಒರೆಸಿಕೊಂಡು ನಕ್ಕಳು. "ಒಂದ ದಿನಕ್ಕ ಹಿಂಗಾತೇನ್ರಿ? ನಾವು ದಿನಾ ಬೈಸ್ಕೋತೇವಿ. ಕೂಸು ಉಳೀತಲ್ಲ, ಸಾಕ್ ಬಿಡ್ರಿ."

ಮುಂದೆ ಹಾನಗಲ್ಲಿಗೆ, ಹಿರೇಕೆರೂರಿಗೆ ವರ್ಗವಾದರೂ ಎತ್ತಿದ ಕಲ್ಲು ಮುಚ್ಚದೆ ನಾನು ಮನೆಗೆ ಹೋದವನಲ್ಲ. ನಿವೃತ್ತನಾಗಿ ವರ್ಷಗಳಾದವು. ಈಗಲೂ ಬೀದಿಯಲ್ಲಿ ಯಾರಾದರೂ ಪೊರಕೆ ಹಿಡಿದವಳಿಗೆ "ದಾರಿ ಬಿಡು" ಎಂದು ಗದರಿದರೆ ನನ್ನ ಕಾಲು ತಾನೇ ನಿಲ್ಲುತ್ತದೆ. ಅವಳ ಬೆನ್ನ ಹಿಂದೆ ಏನಿದೆ ಎಂದು ಮೊದಲು ನೋಡುತ್ತೇನೆ.