ಸೋಮವಾರದ ಹುರುಳಿ

ಕುದುರೆ ಕೊಳ್ಳಬೇಕು ಅಂತ ಯಾರಾದರೂ ನನ್ನ ಹತ್ತಿರ ಸಲಹೆ ಕೇಳಲು ಬಂದರೆ, ನಾನು ಮೊದಲು ಕೇಳುವುದು ಕುದುರೆಯ ವಯಸ್ಸನ್ನಲ್ಲ, ತಳಿಯನ್ನೂ ಅಲ್ಲ. "ಮನೇಲಿ ಅದಕ್ಕೆ ಮೇವು ಹಾಕೋರು ಯಾರು? ಅವರನ್ನೂ ಕರ್ಕೊಂಡು ಬನ್ನಿ" ಅನ್ನುತ್ತೇನೆ. ಕೆಲವರು ನಗುತ್ತಾರೆ. ಒಬ್ಬರಂತೂ, "ಸವಾರಿ ಮಾಡೋನು ನಾನು ಸಾರ್, ನಮ್ಮ ಹೆಂಗಸರಿಗೇನು ಗೊತ್ತಾಗುತ್ತೆ?" ಅಂದರು. ಆ ಮನುಷ್ಯನಿಗೆ ಕಾಫಿ ಕೊಟ್ಟು ಕಳಿಸಿದೆ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ವಯಸ್ಸಾದ ಮೇಲೆ ಕಾಫಿ ಕೊಡುವಷ್ಟು ತಾಳ್ಮೆ ಬಂದಿದೆ ಅಷ್ಟೇ.

ಇದು ತೊಂಬತ್ತರ ದಶಕದ ಮಾತು. ನಮ್ಮ ಮನೆ ಗುಬ್ಬಿಯ ಅಂಚಿನಲ್ಲಿತ್ತು. ನಾನು ತುಮಕೂರಿನ ಒಂದು ಕಚೇರಿಯಲ್ಲಿ ಗುಮಾಸ್ತ, ಬೆಳಿಗ್ಗೆ ರೈಲಿಗೆ ಹೋಗಿ ಸಂಜೆ ರೈಲಿಗೆ ಬರುತ್ತಿದ್ದೆ. ಅಪ್ಪ ಒಂದು ಜೊತೆ ಎತ್ತು ಕಟ್ಟಿಕೊಂಡು ಹೊಲ ನೋಡಿಕೊಳ್ಳುತ್ತಿದ್ದರು. ಹೆಂಡತಿಯ ತವರು ಯಡಿಯೂರಿನ ಹತ್ತಿರ. ಅವಳನ್ನು ಬಿಟ್ಟು ಬರಲು ಹೋದಾಗಲೆಲ್ಲ ಕುಣಿಗಲ್‌ನಲ್ಲಿ ಬಸ್ ಬದಲಾಯಿಸಬೇಕಿತ್ತು. ಒಂದು ಸಲ ಬಸ್ ತಪ್ಪಿಹೋಯಿತು. ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು, ಸುಮ್ಮನೆ ಕೆರೆಯ ಕಡೆ ನಡೆದೆ. ಅಲ್ಲಿ ಒಬ್ಬ ಮುದುಕರು ಕೆಂಚು ಬಣ್ಣದ ಹೆಣ್ಣು ಕುದುರೆಯೊಂದಕ್ಕೆ ನೀರು ಕುಡಿಸುತ್ತಿದ್ದರು. ಅದು ತಲೆಯೆತ್ತಿ ನನ್ನನ್ನು ಒಂದು ಸಲ ನೋಡಿತು. ಅಲ್ಲಿಗೆ ನನ್ನ ಬುದ್ಧಿ ಕೆಟ್ಟಿತು.

ಆ ಮುದುಕರು ಹುಡುಗರಾಗಿದ್ದಾಗಿನಿಂದ ಓಟದ ಕುದುರೆ ಸಾಕುವ ಅಲ್ಲಿನ ಲಾಯದಲ್ಲೇ ದುಡಿದು ನಿವೃತ್ತರಾದವರು. ಊರಿನಲ್ಲಿ ಎಲ್ಲರೂ ಅವರನ್ನು ಸಾಹೇಬರು ಅನ್ನುತ್ತಿದ್ದರು. ಓಟಕ್ಕೆ ಸಾಲದು ಅಂತ ಕೈಬಿಟ್ಟ ಆ ಕುದುರೆಗೆ ಒಂದು ಒಳ್ಳೆ ಮನೆ ಹುಡುಕುತ್ತಿದ್ದರು. ನಾನು ಸಿಕ್ಕಿಹಾಕಿಕೊಂಡೆ. ಕೊಡುವ ಮುಂಚೆ ನಾಲ್ಕು ಭಾನುವಾರ ನನ್ನನ್ನು ಕರೆಸಿಕೊಂಡು ಪಾಠ ಹೇಳಿದರು.

"ಹಿಂದಿನಿಂದ ಹೋಗ್ಬೇಡಿ ಸ್ವಾಮಿ. ಎಡಗಡೆ ಭುಜದ ಹತ್ರ, ಮಾತಾಡಿಸ್ಕೊಂಡು ಹೋಗಿ. ಅದಕ್ಕೆ ನಿಮ್ಮ ಕೈಗಿಂತ ಮುಂಚೆ ನಿಮ್ಮ ದನಿ ಮುಟ್ಟಬೇಕು" ಅನ್ನುತ್ತಿದ್ದರು. ಜೀನಿನ ಪಟ್ಟಿ ಬಿಗಿಯುವಾಗ ಕುದುರೆ ಹೊಟ್ಟೆ ಉಬ್ಬಿಸಿಕೊಂಡು ನಮಗೆ ಟೋಪಿ ಹಾಕುತ್ತದೆ, ಹತ್ತು ಹೆಜ್ಜೆ ನಡೆಸಿ ಮತ್ತೆ ಬಿಗಿಯಬೇಕು ಎಂದು ತೋರಿಸಿಕೊಟ್ಟರು. ಸವಾರಿಗೆ ಮೊದಲೊಮ್ಮೆ, ಆಮೇಲೊಮ್ಮೆ ಗೊರಸು ಎತ್ತಿ ಕಲ್ಲು ಮಣ್ಣು ಕೆರೆದು ತೆಗೆಯಬೇಕು. ಮೊದಲು ನೀರು, ಆಮೇಲೆ ಹುರುಳಿ. ಲಗಾಮು ಹಿಡಿದು ಜೋತುಬೀಳಬಾರದು. ನಾನು ಜೋತುಬೀಳುವುದನ್ನು ನೋಡಿ, "ಬಸ್ಸಲ್ಲಿ ನಿಂತಿದೀರಾ ಸ್ವಾಮಿ, ಕಂಬಿ ಹಿಡ್ಕೊಂಡಂಗೆ ಹಿಡ್ಕೊಂಡಿದೀರಲ್ಲ?" ಎಂದು ನಗಾಡಿದ್ದರು.

ಕೊನೆಯ ಭಾನುವಾರ ಹೊರಡುವಾಗ ಒಂದು ಮಾತು ಹೇಳಿದರು. "ಇದೊಂದು ಮರೀಬೇಡಿ. ಕೆಲಸ ಇಲ್ದಿರೋ ದಿನ ಹುರುಳಿ ಇಲ್ಲ. ಬರೀ ಹುಲ್ಲು, ನೀರು. ಎತ್ತು ತಿಂದಿದ್ದನ್ನ ಮಲ್ಕೊಂಡು ಮೆಲುಕು ಹಾಕುತ್ತೆ. ಕುದುರೆ ತಿಂದಿದ್ದನ್ನ ನಡೆದೇ ಅರಗಿಸ್ಬೇಕು." ನಾನು ಹೂಂ ಎಂದೆ. ಆ ಹೂಂ ನನಗೆ ಇವತ್ತಿಗೂ ಚೆನ್ನಾಗಿ ನೆನಪಿದೆ.

ನಮ್ಮ ಮನೆಯಲ್ಲಿ ಸೋಮವಾರ ಎತ್ತುಗಳ ಕೊರಳಿಗೆ ನೊಗ ತಾಗಿಸುತ್ತಿರಲಿಲ್ಲ. ಬಸವಣ್ಣನ ದಿನ. ಬಿತ್ತನೆಯ ಹದ ಕೈತಪ್ಪಿ ಹೋಗುತ್ತಿದ್ದರೂ ಅಪ್ಪ ಸೋಮವಾರ ಹೂಡುತ್ತಿರಲಿಲ್ಲ. ಅವತ್ತು ಎತ್ತುಗಳಿಗೆ ಮೈತೊಳೆದು, ಹಣೆಗೆ ವಿಭೂತಿ ಹಚ್ಚಿ, ಬೂಸಾ ಹಿಂಡಿ ಒಂದು ಪಾಲು ಹೆಚ್ಚಿಗೇ ಇಡುತ್ತಿದ್ದೆವು. ಹೆಂಡತಿಯ ತವರಿನಲ್ಲೂ ಇದೇ ಪದ್ಧತಿ. ಹೀಗಾಗಿ ಕುದುರೆ ಬಂದ ಮೊದಲ ಸೋಮವಾರ ಅದಕ್ಕೂ ರಜೆ ಸಿಕ್ಕಿತು. ನಾನು ಎದ್ದು ಹಿತ್ತಲಿಗೆ ಹೋಗುವಷ್ಟರಲ್ಲಿ ಅದರ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ ಇತ್ತು. ಮುಂದೆ ಬಾಣಲೆಯಲ್ಲಿ ಬೇಯಿಸಿ ಆರಿಸಿದ ಹುರುಳಿ, ದಿನಕ್ಕಿಂತ ಒಂದು ಸೇರು ಜಾಸ್ತಿ, ಮೇಲೆ ಒಂದು ಅಚ್ಚು ಬೆಲ್ಲ. ಹೆಂಡತಿ ಅದರ ಜೂಲಿನಲ್ಲಿ ಕೈಯಾಡಿಸುತ್ತ ನಿಂತಿದ್ದಳು. ಅಪ್ಪ ಜಗುಲಿಯಿಂದ ನೋಡಿ, "ದುಡಿದ ದಿನ ಮಾತ್ರ ಅನ್ನ ಹಾಕೋದಾದ್ರೆ ನಾವೂ ಮನುಷ್ಯರಾ?" ಎಂದು ಖುಷಿಯಿಂದ ಹೇಳಿದರು.

ನಾನು ಬಾಯಿ ತೆರೆಯಬೇಕಿದ್ದದ್ದು ಆಗ. ಸಾಹೇಬರ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಪ್ಪನ ಆ ಮಾತಿನ ಮುಂದೆ ಅದನ್ನು ಹೇಳಿದರೆ ನಾನು ಜಿಪುಣನಂತೆ ಕಾಣುತ್ತೇನೆ ಅನ್ನಿಸಿತು. ಇನ್ನೊಂದು ಕಾರಣವೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಓಟದ ಕುದುರೆಗಳಿಗೆ ಮಾಡುವ ಲೆಕ್ಕಾಚಾರ ನಮ್ಮ ಮನೆಯ ಕುದುರೆಗೆ ಯಾಕೆ ಎಂಬ ಜಂಬ. ಸುಮ್ಮನಾದೆ. ಮೂರು ನಾಲ್ಕು ತಿಂಗಳು ಏನೂ ಆಗಲಿಲ್ಲ. ಕುದುರೆ ಮೈ ಕೈ ತುಂಬಿಕೊಂಡು ಬೆಳಗಿತು. ಸಾಹೇಬರು ಸುಮ್ಮನೆ ಹೆದರಿಸಿದ್ದಾರೆ ಅಂದುಕೊಂಡೆ.

ದಿನಾ ಬೆಳಿಗ್ಗೆ ರೈಲಿಗೆ ಮುಂಚೆ ಕೆರೆ ಏರಿಯವರೆಗೆ ಸವಾರಿ ಹೋಗಿ ಬರುತ್ತಿದ್ದೆ. ಒಂದು ವಾರ ಭಾನುವಾರ ನೆಂಟರ ಮದುವೆಗೆ ಹೋಗಬೇಕಾಯಿತು, ಸವಾರಿ ತಪ್ಪಿತು. ಮರುದಿನ ಸೋಮವಾರದ ರಜೆ. ಎರಡು ದಿನವೂ ಹುರುಳಿ ಮಾತ್ರ ತಪ್ಪಲಿಲ್ಲ. ಮಂಗಳವಾರ ನಾನು ಏಳುವುದು ತಡವಾಗಿ, ನಿಧಾನಕ್ಕೆ ನಡೆಸಿ ಮೈ ಬಿಸಿ ಮಾಡುವುದನ್ನೂ ಬಿಟ್ಟು ಹತ್ತಿದವನೇ ಓಡಿಸಿದೆ. ಹೊಂಗೆ ಮರದ ತಿರುವು ದಾಟುವ ಮೊದಲೇ ಕುದುರೆ ನಿಂತುಬಿಟ್ಟಿತು. ಹೊಡೆದರೂ ಮುಂದೆ ಹೋಗಲಿಲ್ಲ. ಹೌದು, ಹೊಡೆದೆ, ಎರಡು ಸಲ. ಹಟ ಮಾಡುತ್ತಿದೆ ಅಂದುಕೊಂಡೆ, ರೈಲಿಗೆ ಹೊತ್ತಾಗಿತ್ತು, ಕೋಪ ನೆತ್ತಿಗೇರಿತ್ತು. ಇಳಿದು ನೋಡಿದರೆ ಹಿಂದಿನ ಕಾಲುಗಳು ನಡುಗುತ್ತಿದ್ದವು, ಮೈಯೆಲ್ಲ ಬೆವರು. ಸೊಂಟದ ಮೇಲೆ ಕೈಯಿಟ್ಟರೆ ಒರಳುಕಲ್ಲಿನ ಹಾಗೆ ಗಟ್ಟಿ. ಸ್ವಲ್ಪ ಹೊತ್ತಿಗೆ ಉಚ್ಚೆ ಹೊಯ್ಯಿತು. ಅದರ ಬಣ್ಣ ನೋಡಿ ಮನೆಯ ಕಡೆ ತಿರುಗಿ ಕೂಗಿಕೊಂಡೆ. ಹಾಲು ಹಾಕದ ಕಾಫಿ ಡಿಕಾಕ್ಷನ್ ಇದ್ದಂತಿತ್ತು.

ನನ್ನ ಕೂಗು ಕೇಳಿ ಅಪ್ಪ, ಹೆಂಡತಿ ಇಬ್ಬರೂ ಓಡಿಬಂದರು. ಗುಬ್ಬಿಯಿಂದ ದನದ ಡಾಕ್ಟರನ್ನು ಕರೆತಂದೆವು. ಅವರು ಸೂಜಿ ಹಾಕಿ, ಡ್ರಿಪ್ ಕಟ್ಟಿ, "ಒಂದು ಹೆಜ್ಜೆನೂ ನಡೆಸ್ಬೇಡಿ. ಚೆನ್ನಾಗಿ ನೀರು ಕುಡಿಸಿ. ಎರಡು ದಿನದಲ್ಲಿ ಉಚ್ಚೆ ಬಣ್ಣ ತಿಳಿ ಆದ್ರೆ ಉಳ್ಕೊಳ್ಳುತ್ತೆ. ಆಗ್ಲಿಲ್ಲ ಅಂದ್ರೆ ಕಿಡ್ನಿ ಹೋಗುತ್ತೆ" ಎಂದರು. ಆಮೇಲೆ, "ಹುರುಳಿ ಎಷ್ಟು ಹಾಕಿದ್ರಿ?" ಎಂದು ಕೇಳಿದರು.

"ನಾನೇ ಹಾಕಿದ್ದು" ಎಂದು ಹೆಂಡತಿ ಲೆಕ್ಕ ಹೇಳಿದಳು. ಒಂದು ಕಾಳೂ ಮುಚ್ಚಿಡಲಿಲ್ಲ.

"ಸುಮ್ನೆ ಕಟ್ಟಿಹಾಕಿದ ದಿನ ಇಷ್ಟು ಹಾಕಿದ್ರೆ ಹಿಂಗೇ ಆಗೋದು" ಎಂದು ಡಾಕ್ಟರು ತಲೆ ಅಲ್ಲಾಡಿಸಿದರು. ಅಪ್ಪನ ಮುಖ ಕಪ್ಪಿಟ್ಟಿತು. ತಾವೇ ಜಗುಲಿಯಲ್ಲಿ ಕೂತು ಮೆಚ್ಚಿದ್ದನ್ನು ಆ ಗಾಬರಿಯಲ್ಲಿ ಮರೆತರು. "ತಿಳೀದಿದ್ರೆ ಕೇಳ್ಬಾರ್ದೇನವ್ವಾ? ಒಂದು ಜೀವ ಅದು! ಇನ್ಮೇಲೆ ನೀನು ಹುರುಳಿ ಕಡೆ ಕೈ ಹಾಕ್ಬೇಡ" ಎಂದುಬಿಟ್ಟರು. ಅವಳು ನನ್ನ ಕಡೆ ನೋಡಿದಳು. ನಾನು ಏನು ಮಾಡಬೇಕಿತ್ತು, ಏನು ಮಾಡಿದೆ! "ಅಷ್ಟೊಂದು ಹಾಕು ಅಂತ ನಿಂಗೆ ಯಾರು ಹೇಳಿದ್ದು?" ಎಂದು ಡಾಕ್ಟರ ಎದುರಿಗೇ ರೇಗಿದೆ.

ಕುದುರೆಯನ್ನು ಕದಲಿಸುವ ಹಾಗಿರಲಿಲ್ಲ. ಹೊಂಗೆ ಮರದ ಕೆಳಗೇ ನಾಲ್ಕು ಗಳ ನೆಟ್ಟು ಗೋಣಿತಾಟು ಕಟ್ಟಿದೆವು. ಬೆನ್ನಿಗೆ ಕಂಬಳಿ ಹೊದಿಸಿದೆವು. ಬೈಸಿಕೊಂಡವಳೇ ಎರಡು ದಿನ ಅದರ ಹತ್ತಿರ ಬಕೆಟ್ ಇಟ್ಟುಕೊಂಡು ಕೂತಳು. ನೀರಿಗೆ ಚೂರು ಉಪ್ಪು ಹಾಕಿ, ಅಂಗೈಯಲ್ಲಿ ತುಟಿಗೆ ತಾಗಿಸಿ ಕುಡಿಸಿದಳು.

ಎಸ್‌ಟಿಡಿ ಬೂತಿನಿಂದ ಕುಣಿಗಲ್‌ಗೆ ಸುದ್ದಿ ಮುಟ್ಟಿಸಿದ್ದೆ. ಸಾಹೇಬರು ಎರಡು ಬಸ್ ಬದಲಾಯಿಸಿ ಆವತ್ತೇ ಮಧ್ಯಾಹ್ನದ ಹೊತ್ತಿಗೆ ಬಂದಿಳಿದರು. ಕುದುರೆಯ ಭುಜದ ಹತ್ತಿರ ಹೋಗಿ ಬಹಳ ಹೊತ್ತು ಮಾತಾಡಿಸಿದರು. ಆಮೇಲೆ, "ರಜಾ ದಿನ ಹುರುಳಿ ತಿಂದೈತೆ" ಅಂದರು, ಕೇಳದೆಯೇ ಗೊತ್ತಾದವರ ಹಾಗೆ. ಅಪ್ಪ ಸೊಸೆಯ ಕಡೆ ಕೈ ತೋರಿಸಿ ಏನೋ ಹೇಳಹೊರಟರು. ಸಾಹೇಬರು ನನ್ನ ಮುಖ ನೋಡಿದರು. ನಾನು ಗೋಣಿತಾಟಿನ ಗಂಟು ಬಿಗಿಯುವವನ ಹಾಗೆ ತಿರುಗಿಕೊಂಡೆ. "ಎಲ್ಲರಿಗೂ ಗೊತ್ತಿರಲ್ಲ ಬುಡಿ ಯಜಮಾನ್ರೇ" ಎಂದು ಅವರು ಮಾತು ಮುಗಿಸಿದರು. ಅವರು ನನ್ನ ಮಾನ ಉಳಿಸಿದ್ದರು. ನಾಲ್ಕು ಜನರ ಮುಂದೆ ಉಗಿದಿದ್ದರೂ ನನಗೆ ಅಷ್ಟು ನಾಚಿಕೆ ಆಗುತ್ತಿರಲಿಲ್ಲ.

ಬಸ್ ಹತ್ತಿಸಲು ಹೋದಾಗ ಕೇಳಿದರು. "ನಾನು ಹೇಳಿದ್ದೆ ಅಲ್ವಾ ಸ್ವಾಮಿ?"

"ಹೇಳಿದ್ರಿ."

"ನಿಮ್ಮನೆ ವಿಷ್ಯ. ಅದನ್ನ ನಾನು ಹೇಳ್ಬಾರ್ದು. ನೀವು ಹೇಳ್ಬೇಕು."

"ಹೇಳ್ತೀನಿ" ಎಂದೆ. ಮತ್ತೆ ಅದೇ ಹೂಂ.

ಮೊದಲ ಸಂಜೆ ಉಚ್ಚೆ ಟೀ ಬಣ್ಣಕ್ಕೆ ಬಂತು, ಎರಡನೆಯ ಸಂಜೆಗೆ ತಿಳಿಯಾಯಿತು. ಅವಳು ಬಕೆಟ್ ಎತ್ತಿಕೊಂಡು ಎದ್ದುಹೋದಳು. ಆವತ್ತಿನಿಂದ ಕುದುರೆ ಹತ್ತಿರ ಬರಲಿಲ್ಲ. ಅಪ್ಪ ಹುರುಳಿ ಅಳೆಯುವ ಸೇರನ್ನು ತಮ್ಮ ಕೋಣೆಯ ಗೂಡಿನಲ್ಲಿಟ್ಟುಕೊಂಡಿದ್ದರು. ದಿನಾ ಅವರೇ ಅಳೆದು ಕೊಡುತ್ತಿದ್ದರು. ಹೆಂಡತಿ ಹಿತ್ತಲಿಗೆ ಹೋಗುವಾಗ ಕೊಟ್ಟಿಗೆಯ ಬಾಗಿಲು ತಪ್ಪಿಸಿ, ಬಾವಿಯ ಕಡೆಯಿಂದ ಸುತ್ತಿಹೋಗುತ್ತಿದ್ದಳು. ಬಳೆ ಸದ್ದು ಕೇಳಿದರೆ ಸಾಕು, ಕುದುರೆ ಒಳಗಿನಿಂದ ಕೂಗುತ್ತಿತ್ತು. ಅವಳು ನಿಲ್ಲುತ್ತಿರಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಲೇ ಮೂರು ವಾರ ದೂಡಿದೆ. ಕಚೇರಿಯಲ್ಲಿ ಎಂಥೆಂಥವರ ಮುಂದೆಯೂ ಟೇಬಲ್ ಗುದ್ದಿ ಮಾತಾಡುವವನು, ಮನೆಯಲ್ಲಿ ಒಂದು ವಾಕ್ಯ ಹೇಳಲಾರದೆ ಒದ್ದಾಡಿದೆ.

ಸಾಹೇಬರು ಹೊಸ ಪಾಠ ಕೊಟ್ಟು ಹೋಗಿದ್ದರು. ಸೋಮವಾರವೂ ಕುದುರೆಯನ್ನು ನಡೆಸಬೇಕು. ಅಪ್ಪ ಮೊದಲು ಒಪ್ಪಿರಲಿಲ್ಲ. "ಜೀನು ಬೇಡ ಯಜಮಾನ್ರೇ, ಮೇಲೆ ಯಾರೂ ಹತ್ತೋದು ಬೇಡ. ಕೈಯಲ್ಲಿ ಹಿಡ್ಕೊಂಡು ದೇವಸ್ಥಾನದ ತನಕ ಹೋಗಿಬನ್ನಿ, ಅದು ಕೆಲಸ ಹೆಂಗಾಯ್ತದೆ?" ಎಂದು ಅವರು ಕೇಳಿದ ಮೇಲೆ ತಲೆಯಾಡಿಸಿದ್ದರು. ಕುದುರೆ ಸುಧಾರಿಸಿಕೊಂಡ ಮೇಲೆ ನಾನೇ ನಡೆಸಲು ಶುರುಮಾಡಿದೆ. ಮೂರನೆಯ ಸೋಮವಾರ ಸಂಜೆ ಕುದುರೆ ಹಿಡಿದು ಹೊರಟಾಗ ಹೆಂಡತಿ ಹೂವಿನ ಬುಟ್ಟಿ ಹಿಡಿದು ದೇವಸ್ಥಾನದಿಂದ ವಾಪಸು ಬರುತ್ತಿದ್ದಳು. ಹೊಂಗೆ ಮರದ ಹತ್ತಿರ ಎದುರಾದೆವು. ಬಳಸಿಹೋಗಲು ಅಲ್ಲಿ ದಾರಿ ಇರಲಿಲ್ಲ. ಕುದುರೆ ಅವಳ ಬುಟ್ಟಿಗೆ ಮೂತಿ ಹಾಕಿತು.

ಹೇಳಿಬಿಟ್ಟೆ. ಸಾಹೇಬರು ಮೊದಲೇ ಎಚ್ಚರಿಸಿದ್ದು, ನಾನು ಹೂಂ ಎಂದದ್ದು, ಜಂಬಕ್ಕೆ ಮುಚ್ಚಿಟ್ಟಿದ್ದು, ಎಲ್ಲವನ್ನೂ.

ಅವಳು ಕುದುರೆಯ ಹಣೆಯ ಮೇಲೆ ಕೈಯಿಟ್ಟುಕೊಂಡೇ ಕೇಳಿದಳು. ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. "ಅದಕ್ಕೆ ಬಾಯಿಲ್ಲ, ಸರಿ. ಅವತ್ತು ನಿಮಗೂ ಇರ್ಲಿಲ್ವಾ?" ಎಂದಳು. "ನಂಗೆ ಹೇಳಿದ್ದು ಆಯ್ತು. ಮಾವನ ಮುಂದೆ ಹೇಳಿ" ಎಂದು ಹಗ್ಗವನ್ನು ನನ್ನ ಕೈಯಿಂದ ತೆಗೆದುಕೊಂಡು ಮುಂದೆ ನಡೆದಳು. ಕುದುರೆ ಅವಳ ಹಿಂದೆ ಹೋಯಿತು, ಕುದುರೆಯ ಹಿಂದೆ ನಾನು. ಹಿಂದಿನಿಂದ ಹೋಗಬಾರದು ಎಂಬ ಪಾಠವೂ ಆವತ್ತು ಮರೆತಿತ್ತು.

ಅಪ್ಪ ಜಗುಲಿಯಲ್ಲೇ ಇದ್ದರು. ನಿಂತುಕೊಂಡೇ ಹೇಳಿದೆ. ಅವರು ಪೂರ್ತಿ ಕೇಳಿದರು. "ಏನ್ಲಾ, ಗೊತ್ತಿದ್ದೂ ಅವತ್ತು ಬಾಯ್ಮುಚ್ಕೊಂಡಿದ್ದೇನ್ಲಾ?" ಎಂದು ಒಂದೇ ಒಂದು ಸಲ ಕೇಳಿ, ನನ್ನ ಕಡೆ ಮತ್ತೆ ನೋಡಲಿಲ್ಲ. ಎದ್ದು ಒಳಗೆ ಹೋದರು. ಗೂಡಿನಿಂದ ಸೇರು ತಂದು ಸೊಸೆಯ ಮುಂದೆ ಹಿಡಿದರು. ಯಾರ ಮುಂದೆಯೂ ತಗ್ಗಿ ಮಾತಾಡದ ಮನುಷ್ಯ ಅವರು.

"ಅವತ್ತು ನಾನು ಅಂದಿದ್ದನ್ನ ಮನಸ್ಸಲ್ಲಿ ಇಟ್ಕೋಬೇಡ ಕಣವ್ವಾ" ಎಂದರು.

"ನೀವು ಗೊತ್ತಿಲ್ದೆ ಅಂದಿದ್ದು, ಬಿಡಿ ಮಾವ" ಎಂದಳು ಅವಳು.

ಸೇರು ತೆಗೆದುಕೊಂಡು ಕೊಟ್ಟಿಗೆಗೆ ಹೋದಳು. ಸೋಮವಾರವಾದ್ದರಿಂದ ಹುರುಳಿ ಅಳೆಯಲಿಲ್ಲ. ಸೇರನ್ನು ಮೊದಲಿನ ಜಾಗದಲ್ಲಿ ಬೋರಲು ಹಾಕಿ, ಕುದುರೆಗೆ ಒಂದು ಹೊರೆ ಹುಲ್ಲು ಹಾಕಿದಳು. ನಾನು ಅಂಗಳದಲ್ಲೇ ನಿಂತಿದ್ದೆ. ಅವಳು ನನಗೆ "ಬಿಡಿ" ಎನ್ನಲಿಲ್ಲ. ಅದನ್ನು ಅವಳ ಬಾಯಿಂದ ಕೇಳಲು ನನಗೆ ಬಹಳ ವರ್ಷ ಹಿಡಿಯಿತು.