ದ್ರಾಕ್ಷಿ ಹಿಡಿದು ಇಪ್ಪತ್ತು ಎಣಿಸುವ ಕೆಲಸ

ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ ನಾಲ್ಕು ಸಣ್ಣ ತೂತು ಹಾಕಿ ಮಾಡುವ ಆಪರೇಷನ್ನಿಗೆ ಬೇಕಾದ ಸಲಕರಣೆಗಳನ್ನು ತಯಾರಿಸುವ ಒಂದು ಕಾರ್ಖಾನೆ ಹೈದರಾಬಾದಿನ ನಾಚಾರಂನಲ್ಲಿದೆ. ಅವು ಡಬ್ಬಿ ಸೇರುವ ಮುಂಚೆ ಕೊನೆಯದಾಗಿ ನೋಡಿ ಬಿಡುವವನು ನಾನು. ಇಪ್ಪತ್ತು ವರ್ಷ ಇದನ್ನೇ ಮಾಡಿ ಮಾಡಿ ಮನೆಯಲ್ಲೂ ಅದೇ ಚಟ ಅಂಟಿಕೊಂಡಿದೆ. ತಾರ್ನಾಕದ ತರಕಾರಿ ಗಾಡಿಯ ಮುಂದೆ ನಿಂತು ಒಂದೊಂದು ಬದನೆಕಾಯಿಯನ್ನೂ ಬೆಳಕಿಗೆ ಹಿಡಿದು ತಿರುಗಿಸುತ್ತೇನೆ. ರೊಟ್ಟಿಯ ಅಂಚು ಸೀಳಿದ್ದರೆ ಬೆರಳು ಮಾಡಿ ತೋರಿಸುತ್ತೇನೆ. "ಏನ್ರೀ, ಪಾಸೋ ಫೇಲೋ" ಎಂದು ನನ್ನ ಹೆಂಡತಿ ರೊಟ್ಟಿ ಹಾಕುವಾಗಲೇ ಕೇಳಿಬಿಡುತ್ತಾಳೆ. ಫೇಲ್ ಎಂದ ದಿನ ಎರಡನೆಯ ರೊಟ್ಟಿ ಬರುವುದು ತಡವಾಗುತ್ತದೆ.

ನಾನು ಹೆಚ್ಚಾಗಿ ನೋಡುವುದು ಗ್ರಾಸ್ಪರ್ ಎಂಬ ಇಕ್ಕಳವನ್ನು. ಹತ್ತಿರ ಹತ್ತಿರ ಮೊಳದುದ್ದ, ಪೆನ್ಸಿಲಿಗಿಂತ ತೆಳ್ಳಗೆ. ಈ ತುದಿಗೆ ಕತ್ತರಿಯಂಥ ಹಿಡಿಕೆ, ಆ ತುದಿಗೆ ಸಣ್ಣ ಹಲ್ಲುಗಳ ಬಾಯಿ. ತೂತಿನಿಂದ ಒಳಗೆ ಹೋಗಿ ಪಿತ್ತಕೋಶವನ್ನು ಹಿಡಿದೆತ್ತಿ ನಿಲ್ಲಿಸುವುದು ಅದರ ಕೆಲಸ. ಹಿಡಿದದ್ದು ಹರಿಯಬಾರದು, ಜಾರಲೂಬಾರದು. ಇದನ್ನು ಅಳೆಯಲು ನಮ್ಮಲ್ಲಿ ಯಂತ್ರ ಇದೆ. ಆದರೆ ನಮ್ಮ ಮಾಲೀಕರಿಗೆ ಯಂತ್ರಕ್ಕಿಂತ ದ್ರಾಕ್ಷಿಯ ಮೇಲೆ ನಂಬಿಕೆ ಹೆಚ್ಚು. ಒಂದು ಮಗ್ಗುಲು ಕತ್ತರಿಸಿ ತೆಗೆದ ಮಿಠಾಯಿ ಡಬ್ಬಿಗೆ ಮೇಲೆ ತೂತು ಮಾಡಿ, ಒಳಗೆ ಸಿಪ್ಪೆ ಸುಲಿದ ದ್ರಾಕ್ಷಿ ಇಟ್ಟು, ಗ್ರಾಸ್ಪರ್ ತೂರಿಸಿ ದ್ರಾಕ್ಷಿಯನ್ನು ಎತ್ತಿ ಹಿಡಿದು ಇಪ್ಪತ್ತು ಎಣಿಸಬೇಕು. ಪಾಸಾದರೆ ಹಸಿರು ಟ್ರೇ, ಫೇಲಾದರೆ ಕೆಂಪು ಡಬ್ಬಿ. ಕೆಂಪು ಡಬ್ಬಿಗೆ ಬಿದ್ದದ್ದು ಗುಜರಿಗೆ ಹೋಗುತ್ತದೆ. ಪಾಸಾದಾಗ ಆ ದ್ರಾಕ್ಷಿಯನ್ನು ಪರೀಕ್ಷೆ ಮಾಡಿದವರೇ ತಿನ್ನಬೇಕು ಎಂಬುದು ಯಾರು ಮಾಡಿದ ಕಾನೂನೋ ಗೊತ್ತಿಲ್ಲ, ನಾನಂತೂ ಅದನ್ನು ಮುರಿದವನಲ್ಲ.

ವಿಜಯಪುರದ ಕಡೆಯ ನಮ್ಮ ಬಳಗಕ್ಕೆ ಹೈದರಾಬಾದ್ ಎಂದರೆ ದವಾಖಾನೆ, ದವಾಖಾನೆ ಎಂದರೆ ನಮ್ಮ ಮನೆ. ಯಾರ ಹೊಟ್ಟೆ ನೋಯಲಿ, ಬ್ಯಾಗು ಹಿಡಿದು ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಇಳಿಯುತ್ತಾರೆ. ಪಿತ್ತಕೋಶದ ಕಲ್ಲು ಎಂದರೆ ಸಾಕು, ನನಗೆ ಹುರುಪು. ನಾನೇ ಆಪರೇಷನ್ ಮಾಡುವವನಂತೆ ಚಹಾ ಆರುವವರೆಗೂ ಭಾಷಣ ಮಾಡುತ್ತೇನೆ. ಹಿಂದಿನ ಕಾಲದಲ್ಲಿ ಗೇಣುದ್ದ ಕೊಯ್ಯುತ್ತಿದ್ದರು, ವಾರಗಟ್ಟಲೆ ಮಲಗಬೇಕಿತ್ತು. ಈಗ ಹೊಟ್ಟೆಗೆ ಗಾಳಿ ತುಂಬಿಸಿ, ಹೊಕ್ಕುಳ ಹತ್ತಿರ ಕ್ಯಾಮೆರಾ ಇಳಿಸಿ, ಟಿವಿ ನೋಡುತ್ತ ಪಿತ್ತಕೋಶವನ್ನು ಕಲ್ಲಿನ ಸಮೇತ ತೆಗೆದುಬಿಡುತ್ತಾರೆ, ಮರುದಿನ ಮನೆ. ಹೀಗೆ ನಾನು ಧೈರ್ಯ ತುಂಬಿ ಕಳಿಸಿದವರು ಏಳೆಂಟು ಮಂದಿ.

ಅವರಲ್ಲಿ ನನ್ನ ಅಕ್ಕ ಒಬ್ಬಳೇ ಭಾಷಣಕ್ಕೆ ಬಗ್ಗಲಿಲ್ಲ. ಮೂರು ವರ್ಷದ ಹಿಂದೆ ಕಲ್ಲು ಇಟ್ಟುಕೊಂಡು ಬಂದವಳು, "ಕಣ್ಣಿಲೆ ನೋಡದ ಒಳಗ ಕಡ್ಡಿ ಹಾಕ್ತಾರಂದ್ರ ನಾ ಒಲ್ಲೆ" ಎಂದು ಕೂತಳು. ನಾನು ಮಾಲೀಕರನ್ನು ಕೇಳಿ ಕೆಂಪು ಡಬ್ಬಿಯಿಂದ ಒಂದು ಗ್ರಾಸ್ಪರನ್ನೂ ಹಳೆಯ ಮಿಠಾಯಿ ಡಬ್ಬಿಯನ್ನೂ ಮನೆಗೆ ತಂದು, ದ್ರಾಕ್ಷಿ ಸುಲಿದು, ಅವಳ ಕೈಗೇ ಕೊಟ್ಟೆ. ಅಕ್ಕ ಮೊದಲ ಸಲಕ್ಕೇ ಎತ್ತಿದಳು. ಆಮೇಲೆ ಎಣಿಸಿದ್ದು ಜೋಳ ಅಳೆಯುವ ಲೆಕ್ಕದಲ್ಲಿ. ನಮ್ಮ ಕಡೆ ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. "ಲಾಭ," ಎಂದಳು ಅಕ್ಕ. ಒಂದು ಸೇರು ತುಂಬಿ ಸುರಿಯುವಷ್ಟು ಹೊತ್ತು ಬಿಟ್ಟು "ಎರಡು" ಎಂದಳು. ಒಂಬತ್ತಕ್ಕೆ ದ್ರಾಕ್ಷಿ ಜಾರಿ ಬಿತ್ತು.

"ಇದು ಜಾರತೈತಲ್ಲೋ ತಮ್ಮಾ."

"ಜಾರತೈತಿ ಅಂತನ ಇದು ದವಾಖಾನಿಗೆ ಹೋಗದ ನಮ್ಮ ಮನಿಗೆ ಬಂದೈತಿ," ಎಂದೆ.

ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ಮರುವಾರ ಆಪರೇಷನ್ ಮಾಡಿಸಿಕೊಂಡು, ಆ ಗ್ರಾಸ್ಪರನ್ನು ಕೇಳಿ ಇಸಿದುಕೊಂಡು ಊರಿಗೆ ಹೋದಳು. ಅದರಿಂದ ಲಂಗಕ್ಕೆ ಲಾಡಿ ಪೋಣಿಸುತ್ತಾಳಂತೆ, ಭರಣಿಯ ತಳದ ಉಪ್ಪಿನಕಾಯಿ ತೆಗೆಯುತ್ತಾಳಂತೆ. ಓಣಿಯವರೆಲ್ಲ ಕಡ ಕೇಳಿ ಒಯ್ಯುತ್ತಾರಂತೆ.

ಹೋದ ವರ್ಷ ನನ್ನ ಸರದಿ ಬಂತು. ಮಿರ್ಚಿ ಭಜಿ ತಿಂದ ಒಂದು ಸಂಜೆ ಬಲಪಕ್ಕೆಯ ಕೆಳಗೆ ಹಿಡಿದ ನೋವು ಬೆನ್ನಿಗೆ ಹತ್ತಿ ಭುಜದವರೆಗೆ ಹೋಯಿತು. ಗ್ಯಾಸ್ ಎಂದು ಸೋಡಾ ಕುಡಿದೆ. ಮೂರನೆಯ ಸಲ ಬಂದಾಗ ಕಾರ್ಖಾನೆಯಿಂದಲೇ ಹೋಗಿ ಸ್ಕ್ಯಾನ್ ಮಾಡಿಸಿದೆ. ಪಿತ್ತಕೋಶದ ತುಂಬ ಕಲ್ಲು. ಆ ರಿಪೋರ್ಟನ್ನು ಸ್ಕೂಟರಿನ ಕಾಗದಗಳ ನಡುವೆ ತುರುಕಿ ಸುಮ್ಮನಾದೆ. ಹೆಂಡತಿಗೆ ಹೇಳಲಿಲ್ಲ. ಎಣ್ಣೆಗಾಯಿ ಕಂಡರೆ ಹಸಿವಿಲ್ಲ ಎನ್ನುತ್ತಿದ್ದೆ.

ಯಾಕೆ ಹೇಳಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಂಡೇ ಬಿಡುತ್ತೇನೆ. ನನಗೆ ಕೊಯ್ಯುವುದರ ಭಯ ಇರಲಿಲ್ಲ, ಗ್ರಾಸ್ಪರಿನ ಭಯ ಇತ್ತು. ಅದರಲ್ಲೂ ನಾನೇ ಪಾಸು ಮಾಡಿದ ಗ್ರಾಸ್ಪರಿನ ಭಯ. ಬೆಳಗಿನ ಹೊತ್ತು ನಾನು ಸರಿಯಾಗಿಯೇ ಎಣಿಸುತ್ತೇನೆ. ಆದರೆ ಊಟದ ಗಂಟೆ ಹತ್ತಿರ ಬಂದಾಗ, ಬುತ್ತಿಯಲ್ಲಿ ಶೇಂಗಾ ಹೋಳಿಗೆ ಇರುವುದು ನೆನಪಾದಾಗ, ನನ್ನ ಒಂದು ಎರಡು ಮೂರು ಓಡುತ್ತಿದ್ದವು. ಗಡಿಯಾರಕ್ಕೆ ಎಂಟು ಸೆಕೆಂಡು ಆಗುವುದರೊಳಗೆ ನನ್ನ ಇಪ್ಪತ್ತು ಮುಗಿದು, ದ್ರಾಕ್ಷಿ ನನ್ನ ಬಾಯಿಯಲ್ಲಿ ಇರುತ್ತಿತ್ತು. ಯಂತ್ರ ಹೇಗೂ ನೋಡಿದೆ, ಮತ್ತೇಕೆ ಎಂದುಕೊಳ್ಳುತ್ತಿದ್ದೆ. ಮಾಡಿದ್ದುಣ್ಣೋ ಮಹಾರಾಯ ಎಂಬ ಮಾತನ್ನು ಊರಿಗೆಲ್ಲ ಹೇಳುತ್ತಿದ್ದವನಿಗೆ, ಅದು ತನ್ನದೇ ಹೊಟ್ಟೆಗೆ ಇಕ್ಕಳವಾಗಿ ಬರಬಹುದೆಂದು ಅನ್ನಿಸಿದ ಮೇಲೆ ನಿದ್ದೆ ಹತ್ತಲಿಲ್ಲ.

ಸ್ಕೂಟರಿನ ಇನ್ಶೂರೆನ್ಸ್ ಹುಡುಕಲು ಹೋದ ಹೆಂಡತಿಗೆ ರಿಪೋರ್ಟ್ ಸಿಕ್ಕಿತು. ಅವಳು ನನ್ನನ್ನು ಬೈಯಲಿಲ್ಲ, ಅಕ್ಕನಿಗೆ ಫೋನ್ ಮಾಡಿದಳು. ಎರಡನೆಯ ದಿನ ಬೆಳಿಗ್ಗೆ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಒಂದು ಚೀಲದಲ್ಲಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಪುಡಿ, ಇನ್ನೊಂದರಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಆ ಗ್ರಾಸ್ಪರ್. ಕಾಲು ತೊಳೆಯುವ ಮುಂಚೆಯೇ, "ಮನ್ಯಾಗ ದ್ರಾಕ್ಷಿ ಅದಾವೇನವಾ" ಎಂದು ನನ್ನ ಹೆಂಡತಿಯನ್ನು ಕೇಳಿದಳು.

"ಅದಾವ್ರೀ ಅಕ್ಕಾರ. ಸುಲಿದ ಇಟ್ಟೀನಿ."

ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಅದೇ ಮಿಠಾಯಿ ಡಬ್ಬಿ, ಅದೇ ಅಡುಗೆಮನೆಯ ಕಟ್ಟೆ. ಗ್ರಾಸ್ಪರ್ ಮಾತ್ರ ಈ ಸಲ ನನ್ನ ಕೈಗೆ ಬಂತು. ಸಾವಿರಾರು ದ್ರಾಕ್ಷಿ ಎತ್ತಿದ ಕೈ ನನ್ನದು. ಆ ದಿನ ಅದು ಹಿಡಿಕೆಯನ್ನು ಅತಿಯಾಗಿ ಅಮುಕಿತು, ದ್ರಾಕ್ಷಿ ಪಚಕ್ಕೆಂದು ಒಡೆದು ಡಬ್ಬಿಯ ಗೋಡೆಗೆ ಸಿಡಿಯಿತು.

"ಜಾರೋದು, ಒಡೆಯೋದು ಎಲ್ಲಾ ನಮ್ಮನ್ಯಾಗ ಲಾಡಿ ಪೋಣಸಾಕ ಅಂತ ನೀನ ಹೇಳಿದ್ದಿ," ಎಂದಳು ಅಕ್ಕ. "ಕೆಟ್ಟದ್ದು ನನ್ನ ಚೀಲದಾಗ ಐತಿ. ನಿನ್ನ ಹೊಟ್ಟಿಗೆ ಹೆಂಗ ಬರ್ತೈತಿ?"

ನನ್ನ ಹಳೆಯ ಮಾತನ್ನು ತಿರುಗಿಸಿ ನನಗೇ ಬಡಿಸಿದ್ದಳು. ನಗು ಬಂತು. ನಗುತ್ತಲೇ ನಾನು ಊಟದ ಮುಂಚಿನ ಎಣಿಕೆಯ ಕಥೆಯನ್ನೆಲ್ಲ ಹೇಳಿಬಿಟ್ಟೆ. ಹೇಳಿ ಮುಗಿಸುವಾಗ ನಗು ಉಳಿದಿರಲಿಲ್ಲ. ಹೆಂಡತಿ ನನ್ನ ಬುತ್ತಿಯ ಡಬ್ಬಿಯನ್ನೇ ನೋಡಿದಳು, ತಪ್ಪು ಅದರದ್ದೇ ಎಂಬಂತೆ.

ಅಕ್ಕ ಸಮಾಧಾನ ಹೇಳುವ ಜಾತಿಯವಳಲ್ಲ. "ಹೇಳೋದು ಆಚಾರ, ತಿನ್ನೋದು ಬದನಿಕಾಯಿ ಅನ್ನೂಹಂಗ ಆತು ನಿಂದು," ಎಂದಳು. "ಇದನ್ನ ನನ್ನ ಮುಂದ ಹೇಳಿ ಏನ ಬಂತು. ನಡಿ, ಡಾಕ್ಟರ ಮುಂದ ಹೇಳು."

ಡಾಕ್ಟರ್ ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವರು. ನಾನು ತೆಲುಗಿನಲ್ಲಿ ತಡವರಿಸುತ್ತ ಹೇಳಿದ್ದನ್ನೆಲ್ಲ ಕೈ ಕಟ್ಟಿಕೊಂಡು ಕೇಳಿದರು. ನಕ್ಕುಬಿಡುತ್ತಾರೆ ಎಂದುಕೊಂಡಿದ್ದೆ, ನಗಲಿಲ್ಲ. ನಾವು ಪ್ರತಿ ಆಪರೇಷನ್ನಿಗೆ ಮುಂಚೆ ಒಂದೊಂದು ಗ್ರಾಸ್ಪರಿನಿಂದಲೂ ನಮ್ಮ ಗ್ಲೌಸಿನ ತುದಿ ಹಿಡಿದು ಎಳೆದು ನೋಡುತ್ತೇವೆ, ಸಡಿಲ ಅನ್ನಿಸಿದ್ದನ್ನು ಪಕ್ಕಕ್ಕಿಡುತ್ತೇವೆ ಎಂದು ಹೇಳಿದರು. ಒಳಗೆ ಜಾರಿದರೆ ತೆಗೆದು ಬೇರೆಯದನ್ನು ಹಾಕುತ್ತೇವೆ, ಅಷ್ಟಕ್ಕೆ ಯಾರೂ ಸಾಯುವುದಿಲ್ಲ. ಆದರೆ ಕಲ್ಲೊಂದು ಜಾರಿ ಪಿತ್ತನಾಳದಲ್ಲಿ ಸಿಕ್ಕಿಕೊಂಡರೆ ಕಾಮಾಲೆ, ಜ್ವರ, ಆಗ ನಿಜವಾದ ತಾಪತ್ರಯ ಎಂದರು. ಕೊನೆಗೆ, "ನೀವು ಮಾತ್ರ ಇಪ್ಪತ್ತು ಎಣಿಸಿ. ಎಲ್ಲವನ್ನೂ ನನ್ನ ಗ್ಲೌಸಿಗೇ ಬಿಡಬೇಡಿ," ಎಂದರು.

ಬೈಗುಳವೇ ಅದು. ಆದರೂ ಎಷ್ಟೋ ವಾರದ ಮೇಲೆ ನನ್ನ ಹೆಗಲು ಹಗುರಾಯಿತು.

ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದಾಗ ಟ್ರೇಯ ಕಡೆ ಕತ್ತು ಚಾಚಿದೆ. ಮತ್ತು ಬರಿಸುವ ಡಾಕ್ಟರ್ ನನ್ನ ತಲೆಯನ್ನು ಮೆಲ್ಲಗೆ ತಿರುಗಿಸಿ, ಎಣಿಸಿ ಎಂದರು. ಅಭ್ಯಾಸದ "ಒಂದು" ಬಾಯಿಗೆ ಬರಲಿಲ್ಲ. "ಲಾಭ," ಎಂದೆ, "ಎರಡು," ಎಂದೆ. ಮೂರು ಎಂದೆನೋ ಇಲ್ಲವೋ ಗೊತ್ತಿಲ್ಲ.

ಎಚ್ಚರವಾದಾಗ ಹೊಟ್ಟೆಯ ಮೇಲೆ ನಾಲ್ಕು ಪಟ್ಟಿ ಇದ್ದವು. ಹೊಟ್ಟೆಗಿಂತ ಭುಜವೇ ಹೆಚ್ಚು ನೋಯುತ್ತಿತ್ತು. ತುಂಬಿಸಿದ ಗಾಳಿಯಿಂದ ಹಾಗಾಗುತ್ತದೆ, ಎರಡು ದಿನದಲ್ಲಿ ಹೋಗುತ್ತದೆ ಎಂದು ನಾನೇ ಎಲ್ಲರಿಗೂ ಹೇಳುತ್ತಿದ್ದೆ. ಆದರೂ ಭುಜ ಹಿಡಿದು ನರಳಿದೆ. ಅಕ್ಕ ಪಕ್ಕದ ಮಂಚದವರಿಗೆ ನನ್ನ ಹಳೆಯ ಭಾಷಣವನ್ನು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು. ಗೇಣುದ್ದದ ಜಾಗಕ್ಕೆ ಬಂದಾಗ ಗೇಣು ಹಾಕಿಯೂ ತೋರಿಸಿದಳು. ಮರುದಿನ ಮಧ್ಯಾಹ್ನ ಮನೆಗೆ ಬಂದೆವು. ಬರುವಾಗ ನಾನು ಕೇಳಿಕೊಂಡಿದ್ದಕ್ಕೆ ಡಾಕ್ಟರ್ ಆಪರೇಷನ್ನಿನ ವಿಡಿಯೊ ಇದ್ದ ಪೆನ್‌ಡ್ರೈವ್ ಕೊಟ್ಟರು.

ನಾಲ್ಕನೆಯ ದಿನ ಅದನ್ನು ಟಿವಿಗೆ ಹಾಕಿದೆವು. ಅಕ್ಕ ಮತ್ತು ಹೆಂಡತಿ ಚುರುಮುರಿಯ ಬುಟ್ಟಿ ಮುಂದಿಟ್ಟುಕೊಂಡು ಕೂತರು. ನನಗೆ ಗಂಜಿ. ತೆರೆಯ ಮೇಲೆ ನನ್ನ ಹೊಟ್ಟೆಯ ಒಳಗು ದೀಪ ಹಾಕಿದ ಕೋಣೆಯ ಹಾಗೆ ಬೆಳಗಿತು. "ಏನ್ ಸ್ವಚ್ಛ ಐತಿ, ನಿಮ್ಮ ಕಪಾಟಿಗಿಂತ ಚೊಲೋ ಐತ್ರಿ," ಎಂದಳು ಹೆಂಡತಿ. ನಾನು ಯಕೃತ್ತನ್ನೂ ನೋಡಲಿಲ್ಲ, ಪಿತ್ತಕೋಶವನ್ನೂ ನೋಡಲಿಲ್ಲ. ಬಲಗಡೆಯಿಂದ ಗ್ರಾಸ್ಪರ್ ಬಂದ ಕೂಡಲೇ ಅದರ ಬಾಯಿ ನೋಡಿದೆ. ನಮ್ಮದಲ್ಲ. ನಮ್ಮ ಹಲ್ಲು ಅಡ್ಡ ಸಾಲಿನವು, ಇದರದು ಓರೆ. ಬೇರೆ ಯಾವುದೋ ಊರಿನ ಯಾವುದೋ ಕಂಪನಿಯದು.

ಬದುಕಿದೆ ಎಂದು ಅನ್ನಿಸುವ ಮುಂಚೆ ನನಗೆ ಹೊಟ್ಟೆಕಿಚ್ಚಾಯಿತು. ನಾಲ್ಕು ಹೊಲಿಗೆಯ ಹೊಟ್ಟೆಯಲ್ಲೂ ಕಿಚ್ಚಿಗೆ ಜಾಗ ಇರುತ್ತದೆ. "ಎಲ್ಲರೆ ಜಾರತೈತಿ ನೋಡ್ರಿ," ಎಂದು ಮುಂದಕ್ಕೆ ಬಾಗಿ ಕೂತೆ. ಅದು ಪಿತ್ತಕೋಶದ ತುದಿಯನ್ನು ಹಿಡಿದು ಮೇಲಕ್ಕೆ ಒತ್ತಿ ನಿಂತಿತು. ಅಕ್ಕ ಚುರುಮುರಿ ಅಗಿಯುತ್ತ ಎಣಿಸಲು ಶುರು ಮಾಡಿದಳು. ಲಾಭ, ಎರಡು, ಮೂರು. ಇಪ್ಪತ್ತಾಯಿತು, ಅರವತ್ತಾಯಿತು. ನೂರಕ್ಕೆ ಅಕ್ಕನಿಗೇ ಸಾಕಾಯಿತು. ಡಾಕ್ಟರ್ ನಾಳವನ್ನು ಬಿಡಿಸಿದರು, ಸಣ್ಣ ಕ್ಲಿಪ್ ಹಾಕಿದರು, ಕತ್ತರಿಸಿದರು, ಪಿತ್ತಕೋಶವನ್ನು ಯಕೃತ್ತಿನಿಂದ ಎಳೆ ಎಳೆಯಾಗಿ ಬಿಡಿಸಿದರು. ಆ ಓರೆಹಲ್ಲಿನ ಇಕ್ಕಳ ಹಿಡಿದದ್ದನ್ನು ಬಿಡಲಿಲ್ಲ.

ಮುಕ್ಕಾಲು ಗಂಟೆ. ನಾನು ಎಂಟು ಸೆಕೆಂಡಿಗೆ ಪಾಸು ಮಾಡುತ್ತಿದ್ದ ಕೆಲಸ ಅದು. ಎಲ್ಲಿಯೋ ಒಬ್ಬರು, ನನ್ನ ಹಾಗೆಯೇ ಹಸಿದವರು, ಬುತ್ತಿಯಲ್ಲಿ ಏನೋ ಒಳ್ಳೆಯದು ಇದ್ದವರು, ನನ್ನ ಹೆಸರು ಕೇಳದವರು, ಆ ಇಕ್ಕಳವನ್ನು ಹಿಡಿದು ಅವಸರ ಮಾಡದೆ ಎಣಿಸಿದ್ದರು. ನನಗೆ ಕಣ್ಣು ತುಂಬಿ ಬಂತು. ಭುಜ ನೋವೇನೋ ಎಂದು ಹೆಂಡತಿ ಎದ್ದು ಬಂದಳು. ಅಲ್ಲ ಎಂದೆ. ಅಕ್ಕ ನನ್ನ ಗಂಜಿಯ ಮೇಲೆ ಒಂದು ಚಿಟಿಕೆ ಶೇಂಗಾ ಹಿಂಡಿ ಉದುರಿಸಿದಳು.

ಹತ್ತು ದಿನಕ್ಕೆ ಕೆಲಸಕ್ಕೆ ಹೋದೆ. ಕಪಾಟಿನಲ್ಲಿ ಇನ್ನೂ ಕಳಿಸದೆ ಉಳಿದಿದ್ದ ನನ್ನ ಹಳೆಯ ಪಾಸುಗಳನ್ನೆಲ್ಲ ತೆಗೆಸಿ ಮತ್ತೆ ನೋಡಿದೆ. ಎರಡು ಕೆಂಪು ಡಬ್ಬಿಗೆ ಹೋದವು. ಮಾಲೀಕರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಬೈದರು, ಬೈಸಿಕೊಂಡೆ. ಹೊರಗೆ ಹೋಗಿಬಿಟ್ಟವುಗಳಿಗೆ ಆ ಡಾಕ್ಟರಂಥವರ ಗ್ಲೌಸೇ ಗತಿ. ಒಂದು ನಷ್ಟ ಮಾತ್ರ ಆಗಿದೆ. ಸಿಪ್ಪೆ ಸುಲಿದ ದ್ರಾಕ್ಷಿ ಕಂಡರೆ ಟಿವಿಯಲ್ಲಿ ನೋಡಿದ ನನ್ನದೇ ಪಿತ್ತಕೋಶ ನೆನಪಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಅದಕ್ಕೇ ಪಾಸಾದ ದ್ರಾಕ್ಷಿಗಳೆಲ್ಲ ಈಗ ಪಕ್ಕದ ಮೇಜಿನಲ್ಲಿ ಡಬ್ಬಿ ಕಟ್ಟುವ ತೆಲುಗಿನ ಹೆಂಗಸಿನ ಪಾಲು.

ಮೊದಲ ದಿನವೇ, ಊಟಕ್ಕೆ ಇನ್ನೇನು ಐದು ನಿಮಿಷ ಇರುವಾಗ, ಒಂದು ಗ್ರಾಸ್ಪರ್ ಎತ್ತಿಕೊಂಡು "ಲಾಭ" ಎಂದೆ. ಆ ಹೆಂಗಸು ತಲೆ ಎತ್ತಿ ನೋಡಿದಳು. ಅವಳ ಅಪ್ಪನೂ ಊರಿನಲ್ಲಿ ಭತ್ತ ಅಳೆಯುವಾಗ ಲಾಭಂ ಎಂದೇ ಶುರು ಮಾಡುತ್ತಿದ್ದನಂತೆ. "ರೆಂಡು," ಎಂದಳು ಅವಳು, ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟು. ಇಬ್ಬರೂ ಕೂಡಿ, ನಾನು ಕನ್ನಡದಲ್ಲಿ ಅವಳು ತೆಲುಗಿನಲ್ಲಿ, ಸೇರು ತುಂಬಿ ಸುರಿಯುವ ಸಾವಧಾನದಿಂದ ಎಣಿಸಿದೆವು. ಹದಿಮೂರಕ್ಕೆ ಊಟದ ಗಂಟೆ ಹೊಡೆಯಿತು. ಅವಳು ಕೈ ತೊಳೆಯಲು ಏಳಲಿಲ್ಲ. ನಾನು ದ್ರಾಕ್ಷಿಯ ಮೇಲಿಂದ ಕಣ್ಣು ತೆಗೆಯದೆ ಹದಿನಾಲ್ಕು ಎಂದೆ.