ಹರಿಯಲ್ ಸಾರು ನಾನು ಮಾಡಲಿಲ್ಲ

ನಾನು ಐಗಳಿ ಊರಿಗೆ ಸೊಸೆಯಾಗಿ ಬಂದ ಎರಡನೇ ವರ್ಷ. ನಮ್ಮ ದ್ರಾಕ್ಷಿ ತೋಟದ ಬದುವಿನಲ್ಲಿ ದೊಡ್ಡದೊಂದು ಆಲದ ಮರ. ಅದರ ಹಣ್ಣು ಕೆಂಪಾದಾಗ ಹಸಿರು ಪಾರಿವಾಳಗಳು ಹಿಂಡುಗಟ್ಟಿ ಬರುತ್ತಿದ್ದವು. ನಮ್ಮ ಕಡೆ ಅವಕ್ಕೆ ಮರಾಠಿ ಹೆಸರೇ, ಹರಿಯಲ್. ಅರಿಷಿಣ ಹಚ್ಚಿದಂಥ ಕಾಲು. ಎಲೆಯೊಳಗೆ ಕೂತರೆ ಕಾಣುವುದೇ ಇಲ್ಲ, ಹಣ್ಣು ಟಪಟಪ ಉದುರಿದಾಗಲೇ ಗೊತ್ತಾಗಬೇಕು.

ಒಂದು ಮುಂಜಾನೆ ಗಂಡನ ಅಣ್ಣ ಸಣ್ಣ ಗುಂಡಿನ ಛರ್ರಾ ಬಂದೂಕು ಹಿಡಿದು ಬಂದವರೇ ಅಡುಗೆಮನೆ ಬಾಗಿಲಿಗೆ ಚೀಲ ಒಗೆದರು. ಒಳಗೆ ಐದು ಹರಿಯಲ್. ಮೈ ಇನ್ನೂ ಬೆಚ್ಚಗಿತ್ತು. ನಮ್ಮ ಮನೆಯಲ್ಲಿ ಭಾವ ತಮ್ಮನ ಹೆಂಡತಿಯ ಜೊತೆ ನೇರ ಮಾತಾಡುವಂತಿರಲಿಲ್ಲ; ಏನಿದ್ದರೂ ಅತ್ತೆಯ ಮೂಲಕವೇ.

"ಅವ್ವಾ, ಆಕಿಗೆ ಹೇಳು. ಮಧ್ಯಾಹ್ನಕ್ಕ ಸಾರು ಮಾಡ್ಲಿ."

"ಅತ್ತಿ, ಅವರಿಗೆ ಹೇಳ್ರಿ. ನಾ ಮಾಡಂಗಿಲ್ಲ."

ಕೋಳಿ, ಕುರಿ ನಾನೇ ಮಾಡುತ್ತಿದ್ದೆ. ದಿನಾ ತಲೆ ಎತ್ತಿ ನೋಡಿದ ಹಕ್ಕಿಯನ್ನು ಒಲೆಗಿಡಲು ಮನಸ್ಸಾಗಲಿಲ್ಲ. ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು.

"ದ್ರಾಕ್ಷಿ ತಿಂದು ಹಾಳ ಮಾಡಾಕತ್ತಾವ. ತೋಟ ಉಳಸಾಕ ಹೊಡದೇನಿ," ಅಂದರು ಭಾವ.

ಇಳಿಗೆ ಎಳೆದುಕೊಂಡು ಒಂದು ಹಕ್ಕಿಯ, ತಿಂದದ್ದು ನಿಲ್ಲುವ ಕೊರಳ ಚೀಲ ಸೀಳಿ ತಾಟಿಗೆ ಸುರಿದೆ. ಬರೀ ಆಲದ ಹಣ್ಣು. ಎರಡನೆಯದರಲ್ಲೂ ಅದೇ. ತಾಟು ಅವರ ಮುಂದಿಟ್ಟು, ಮೊದಲ ಸಲ ಮುಖ ನೋಡಿಯೇ ಕೇಳಿದೆ.

"ಎಲ್ಲಿ ಐತ್ರಿ ನಿಮ್ಮ ದ್ರಾಕ್ಷಿ? ತೋರಸ್ರಿ."

"ಹೆಣ್ಣಮಗಳಿಗೆ ಇಷ್ಟು ಬಾಯಿ ಇರಬಾರ್ದು," ಎಂದು ಹೊರಟುಹೋದರು.

"ತಪ್ಪಾತು ಅಂದ್ಬಿಡು, ಮುಗೀತೈತಿ," ಅಂದರು ನಮ್ಮವರು.

"ನಂದೇನು ತಪ್ಪೈತಿ?"

ಐದೂ ಹಕ್ಕಿಗಳನ್ನು ನಾನೇ ಹೂತೆ.

ಮುಂದಿನ ವಾರ ಮತ್ತೆ ಬಂದೂಕು ಹೊರಬಿತ್ತು. ನಾನು ಬುತ್ತಿ ಕಟ್ಟಿಕೊಂಡು ಭಾವನಿಗಿಂತ ಮುಂಚೆ ಹೋಗಿ ಆಲದ ಬುಡದಲ್ಲಿ ಕೂತೆ. ದ್ರಾಕ್ಷಿ ಕೊಯ್ಯಲು ಬಂದಿದ್ದ ಹೆಣ್ಣುಮಕ್ಕಳನ್ನೂ ಕರೆದೆ. ಭಾವ ಬಂದೂಕು ಹಿಡಿದು ಬಂದಾಗ ಆ ಹೆಣ್ಣುಮಕ್ಕಳಲ್ಲಿ ಹಿರಿಯಾಕೆ ರೊಟ್ಟಿ ಮುರಿಯುತ್ತಲೇ ಹೇಳಿದಳು.

"ಮಂದಿ ಕುಂತೇವ್ರಿ ಸಾವ್ಕಾರ. ಬಂದೂಕ ಅತ್ತಾಗ ಹಿಡೀರಿ."

ಕೂಲಿಯವಳ ಆ ಮಾತು ಅವರಿಗೆ ನನ್ನ ಮಾತಿಗಿಂತ ಜೋರಾಗಿ ನಾಟಿತು. ಬಂದ ದಾರಿಯಲ್ಲೇ ತಿರುಗಿದರು. ಕೊಯ್ಲು ಮುಗಿಯುವವರೆಗೂ ನಮ್ಮೆಲ್ಲರ ಊಟ ಅದೇ ಮರದ ಕೆಳಗೆ ನಡೆಯಿತು. ವರ್ಷ ತುಂಬುವುದರೊಳಗೆ ಭಾವ ಬಂದೂಕನ್ನು ಯಾರಿಗೋ ಕೊಟ್ಟುಬಿಟ್ಟರು.

ಭಾವ ಇವತ್ತಿಗೂ ನನ್ನ ಕೈಯಡುಗೆ ಉಣ್ಣುವುದಿಲ್ಲ. ಉಣ್ಣದಿರಲಿ. ನಾನು ಇವತ್ತಿಗೂ ಕ್ಷಮೆ ಕೇಳಿಲ್ಲ.